ಹೊಳೆಯ ತವರಿಗೆ ಒಂದು ದಿನ

ಗಡಿನಾಡಿನ ಹೊಳೆಗಳ ಹೆಸರುಗಳನ್ನು ಕುರಿತು ಕೆಲವು ತಿಂಗಳ ಹಿಂದೆ ಇದೇ ಅಂಕಣದಲ್ಲಿ ನಾವು ನಾಲ್ಕು ಮಾತು ಬರೆದಿದ್ದೆವು. ಅದನ್ನು ಓದಿದ ಹಿರಿಯರೊಬ್ಬರು ಒಂದು ಕಾರ್ಡು ಬರೆದು, ‘ಹಿರಣ್ಯಕೇಶಿಯ ಹೆಸರಿನ ಅರ್ಥವನ್ನೇನೋ ಚೆನ್ನಾಗಿ ಬಿಡಿಸಿದಿರಿ, ಆ ಹೊಳೆ ಹುಟ್ಟುವ ಸ್ಥಳವನ್ನು ಕಣ್ಣಾರೆ ಕಂಡಿದ್ದೀರೋ?’ ಎಂದು ಕೇಳಿದರು. ಕಂಡಿರಲಿಲ್ಲ. ಇಚಲಕರಂಜಿಯಲ್ಲಿ ಇಷ್ಟು ವರ್ಷ ಬಾಳಿ, ಸಂಬಂಧಿಕರ ಮನೆಯ ಮದುವೆ ಮುಂಜಿವೆಗಳಿಗೆಂದು ಗಡಹಿಂಗ್ಲಜದವರೆಗೆ ಹತ್ತಾರು ಸಲ ಹೋಗಿ ಬಂದರೂ ಅಲ್ಲಿಂದ ಮೇಲಕ್ಕೆ ಕಣಿವೆಯನ್ನು ಹಿಡಿದು ಹೋಗುವ ಮನಸ್ಸು ನಮಗೆ ಆಗಿರಲಿಲ್ಲ. ಆ ಕಾರ್ಡು ಮೇಜಿನ ಮೇಲೆ ಬಿದ್ದುಕೊಂಡು ನಮ್ಮನ್ನು ನಾಚಿಸುತ್ತಲೇ ಇತ್ತು.

ಕೊನೆಗೆ ನಮ್ಮನ್ನು ಹೊರಡಿಸಿದವರು ನಮ್ಮ ಸೋದರತ್ತೆಯವರು. ಅವರಿಗೆ ಈಗ ಎಂಬತ್ತು ದಾಟಿದೆ. ತವರು ಗಡಹಿಂಗ್ಲಜ ತಾಲೂಕಿನ, ಹಿರಣ್ಯಕೇಶಿಯ ದಂಡೆಯ ಒಂದು ಹಳ್ಳಿ. ಅವರು ಹುಟ್ಟಿದಾಗ ಆ ಊರು ಕೊಲ್ಹಾಪುರ ಸಂಸ್ಥಾನದಲ್ಲಿತ್ತು; 1949ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು; 1960ರಲ್ಲಿ ಮಹಾರಾಷ್ಟ್ರವಾಯಿತು. ಊರು ಕದಲಲಿಲ್ಲ, ಮನೆಯ ಮಾತೂ ಕದಲಲಿಲ್ಲ. 2019ರ ಆಗಸ್ಟಿನ ಮಹಾಪೂರದಲ್ಲಿ ಅತ್ತೆಯವರ ತವರುಮನೆಯ ಹಿತ್ತಲಗೋಡೆ ಕುಸಿಯಿತು. ನೀರು ಪಡಸಾಲೆಯ ಮೆಟ್ಟಿಲನ್ನು ಮುಟ್ಟಿ ನಿಂತಿತು. ಮನೆಯ ಮಂದಿಯೂ ದನಕರುಗಳೂ ಉಳಿದರು. ಆ ರಾತ್ರಿ ಇಚಲಕರಂಜಿಯಲ್ಲಿ, ಫೋನಿನ ಪಕ್ಕದಲ್ಲಿ ನಿದ್ದೆಯಿಲ್ಲದೆ ಕುಳಿತಿದ್ದ ಅತ್ತೆಯವರು, ‘ನೀರು ಇಳಿದರೆ ಹೊಳೆಯವ್ವನಿಗೆ ಅವಳ ತವರಲ್ಲೇ ಉಡಿ ತುಂಬಿಸುತ್ತೇನೆ’ ಎಂದು ಹರಕೆ ಹೊತ್ತರು. ನೀರು ಇಳಿಯಿತು. ಹರಕೆ ಮಾತ್ರ ಉಳಿಯಿತು. ಮೊದಲು ಕೋವಿಡ್ ಬಂದಿತು, ಆಮೇಲೆ ಅವರ ಮೊಣಕಾಲು ನೋವು, ಆಮೇಲೆ ನಮ್ಮ ಸೋಮಾರಿತನ. ಈ ವರ್ಷ ಸೀಗಿ ಹುಣ್ಣಿಮೆಯ ಹಿಂದಿನ ವಾರ ಅವರು ಒಂದೇ ಮಾತು ಹೇಳಿದರು: ‘ನಾ ಸಾಲ ಇಟ್ಟು ಹೋಗಾಕಿ ಅಲ್ಲ.’

ಆದ್ದರಿಂದ ಹುಣ್ಣಿಮೆಯ ಮರುದಿನ ಬೆಳಗಿನ ಐದೂವರೆಗೆ ಒಂದು ಬಾಡಿಗೆಯ ಬೊಲೆರೊ ನಮ್ಮ ಬಾಗಿಲಿಗೆ ಬಂದು ನಿಂತಿತು. ಅದರ ಚಾಲಕರ ವಯಸ್ಸು ನಲವತ್ತೈದರ ಸುಮಾರು. ಗಡಹಿಂಗ್ಲಜ ಕಡೆಯವರೇ, ಹದಿನೈದು ವರ್ಷದಿಂದ ಇಚಲಕರಂಜಿಯಲ್ಲಿ ವಾಸ. ಮೊದಲು ವಡಾಪದ ಜೀಪು ಹೊಡೆಯುತ್ತಿದ್ದರಂತೆ, ಆಮೇಲೆ ಮಗ್ಗಗಳಿಗೆ ನೂಲು ತರುವ ಟೆಂಪೊ, ಈಗ ಸ್ವಂತದ ಈ ಗಾಡಿ. ವಡಾಪವೆಂದರೆ ಏನೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಬಸ್ಸು ಬಾರದ ಊರುಗಳಿಗೆ ಜನರನ್ನು ತುಂಬಿಕೊಂಡು ಹೋಗುವ ಆ ಜೀಪುಗಳಲ್ಲಿ ಬಾಗಿಲಿಗೆ ಜೋತುಬಿದ್ದು ಪ್ರಯಾಣ ಮಾಡದವರು ಈ ಜಿಲ್ಲೆಯಲ್ಲಿ ವಿರಳ. ಗಾಡಿಯ ಮುಂಗಾಜಿನ ಮೇಲೆ ದೇವನಾಗರಿಯಲ್ಲಿ ‘ಆಈಚಾ ಆಶೀರ್ವಾದ’ ಎಂದು ಬರೆಸಿತ್ತು. ಅತ್ತೆಯವರು ಮರಾಠಿಯಲ್ಲಿಯೇ, ಯಾವ ಊರಪ್ಪಾ ನಿನ್ನದು ಎಂದು ಕೇಳಿದರು. ಚಾಲಕರು ಊರಿನ ಹೆಸರು ಹೇಳಿದರು. ಅದು ಅತ್ತೆಯವರ ತವರಿಗೆ ಎರಡು ಹರದಾರಿಯೂ ಇಲ್ಲ. ‘ಹಂಗಾದ್ರ ಮಾತು?’ ಎಂದು ಅತ್ತೆಯವರು ಕನ್ನಡಕ್ಕೆ ಹೊರಳಿದರು. ‘ಮನ್ಯಾಗ ಕನ್ನಡರೀ ಆಯಿ’ ಎಂಬ ಉತ್ತರ ಬಂದಿತು. ಅಲ್ಲಿಂದ ರಾತ್ರಿಯವರೆಗೆ ಅವರಿಬ್ಬರ ಮಾತಿಗೆ ತಡೆಯಿರಲಿಲ್ಲ. ನಾವೂ ನಮ್ಮ ಮನೆಯವರೂ ಹಿಂದಿನ ಆಸನದಲ್ಲಿ ಕೇಳುಗರಾದೆವು.

ಕೊಲ್ಹಾಪುರ ಜಿಲ್ಲೆಯ ಒಂದು ಊರಿನಿಂದ ಅದೇ ಜಿಲ್ಲೆಯ ಇನ್ನೊಂದು ಊರಿಗೆ ಹೋಗುವ ಈ ದಾರಿ ವಿಚಿತ್ರವಾದುದು. ಕಾಗಲ್ ದಾಟಿ ಹೆದ್ದಾರಿಯನ್ನು ಹಿಡಿದರೆ ಕೊಗನೋಳಿಯಲ್ಲಿ ಕರ್ನಾಟಕ ಬರುತ್ತದೆ. ನಿಪ್ಪಾಣಿಯ ತಂಬಾಕಿನ ಪೇಟೆಯನ್ನು ಬದಿಗಿಟ್ಟು, ಜೈನರ ಸ್ತವನಿಧಿ ಕ್ಷೇತ್ರವಿರುವ ತವಂದಿ ಘಾಟವನ್ನೇರಿ, ಸಂಕೇಶ್ವರದಲ್ಲಿ ಬಲಕ್ಕೆ ತಿರುಗಿದರೆ ಮತ್ತೆ ಮಹಾರಾಷ್ಟ್ರ. ಸಾಮಾನ್ಯ ದಿನಗಳಲ್ಲಿ ಎರಡು ಫಲಕಗಳಲ್ಲದೆ ಬೇರೇನೂ ಕಾಣುವುದಿಲ್ಲ. ಆದರೆ 2021ರಲ್ಲಿ ಕೊಗನೋಳಿಯಲ್ಲಿ ವಾಹನಗಳನ್ನು ನಿಲ್ಲಿಸಿ ಕೋವಿಡ್ ಪರೀಕ್ಷೆಯ ಪತ್ರ ಕೇಳುತ್ತಿದ್ದ ದಿನಗಳನ್ನೂ, 2022ರ ಡಿಸೆಂಬರಿನಲ್ಲಿ ಗಡಿತಂಟೆಯ ಕಾವಿಗೆ ಎರಡೂ ಕಡೆಯ ಬಸ್ಸುಗಳು ನಿಂತುಹೋದ ದಿನಗಳನ್ನೂ ನಾವು ಮರೆತಿಲ್ಲ. ಚಾಲಕರು ನಕ್ಕು ಹೇಳಿದರು: ‘ಆವಾಗ ನಾ ಈ ಕಡೆ ಮರಾಠಿ, ಆ ಕಡೆ ಕನ್ನಡ ಮಾತಾಡಿ ದಾಟಿಸ್ತಿದ್ದೆ ಕಾಕಾ. ನಾಲಿಗಿ ಎರಡ ಇದ್ರ ಗಾಡಿಗೆ ಛಲೋ.’ ವಡಾಪ ಹೊಡೆಯುವ ಕಾಲದಲ್ಲಿಯೂ ಹೀಗೆಯೇ ಅಂತೆ; ಸಂಕೇಶ್ವರದ ನಿಲ್ದಾಣದಲ್ಲಿ ಕನ್ನಡದಲ್ಲಿ ಕೂಗಿ ಜನರನ್ನು ತುಂಬಬೇಕು, ಗಡಹಿಂಗ್ಲಜದಲ್ಲಿ ಮರಾಠಿಯಲ್ಲಿ ಕೂಗಿ ಇಳಿಸಬೇಕು.

ಸಂಕೇಶ್ವರದಲ್ಲಿ ಚಹಾ ಕುಡಿದೆವು. ಆ ಊರಿನ ಸಕ್ಕರೆ ಕಾರ್ಖಾನೆಗೆ ಹಿರಣ್ಯಕೇಶಿಯದೇ ಹೆಸರು. ಮೆಣಸಿನಕಾಯಿಗೆ ಊರಿನ ಹೆಸರು. ಅಲ್ಲಿಂದ ಗಡಹಿಂಗ್ಲಜ ಹದಿನೈದು ಕಿಲೊಮೀಟರಿನೊಳಗೆ. ಈ ಭಾಗದ ಊರುಗಳ ಹೆಸರುಗಳನ್ನೇ ನೋಡಿರಿ: ಹೆಬ್ಬಾಳ, ಹಲಕರ್ಣಿ, ಮುತ್ನಾಳ, ಬುಗಡಿಕಟ್ಟಿ. ದೇವನಾಗರಿಯಲ್ಲಿ ಬರೆದ ಫಲಕಗಳ ಮೇಲೆ ಅಚ್ಚಗನ್ನಡದ ಹೆಸರುಗಳು ಕುಳಿತಿವೆ. ಅತ್ತೆಯವರು ಒಂದೊಂದು ಊರು ಕಂಡಾಗಲೂ ಅಲ್ಲಿಗೆ ಕೊಟ್ಟ ಹೆಣ್ಣುಮಗಳ, ಅಲ್ಲಿಂದ ತಂದ ಹೆಣ್ಣುಮಗಳ ವಿವರವನ್ನು ಹೇಳುತ್ತ ಹೋದರು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಈಗ ಇಲ್ಲ.

ಗಡಹಿಂಗ್ಲಜಕ್ಕೆ ಸಮೀಪ ಹೊಳೆಗೆ ಅಡ್ಡಲಾಗಿ ಕಟ್ಟಿದ ಬಂಧಾರದ ಬಳಿ ಚಾಲಕರು ಗಾಡಿಯನ್ನು ತಾವಾಗಿಯೇ ನಿಲ್ಲಿಸಿದರು. ಅಲ್ಲಿ ಐದಾರು ಜನ ಸೊಂಟಮಟ್ಟದ ನೀರಿನಲ್ಲಿ ನಿಂತು ಕಂಬಗಳ ನಡುವೆ ಬರ್ಗೆಗಳನ್ನು ಇಳಿಸುತ್ತಿದ್ದರು. ‘ಕೊಲ್ಹಾಪುರ ಮಾದರಿಯ ಬಂಧಾರ’ ಎಂದು ಇಂಜಿನಿಯರರ ಪುಸ್ತಕಗಳಲ್ಲಿಯೂ ಹೆಸರು ಪಡೆದ ಈ ವ್ಯವಸ್ಥೆಯನ್ನು ನಮ್ಮಲ್ಲಿ ಎಲ್ಲರೂ ನೋಡಿರುತ್ತಾರೆ, ನಿಂತು ನೋಡಿದವರು ಕಡಿಮೆ. ಹೊಳೆಯಲ್ಲಿ ಸಾಲಾಗಿ ಕಲ್ಲು ಕಾಂಕ್ರೀಟಿನ ಕಂಬಗಳು. ಕಂಬಕ್ಕೆ ಕೊರೆದ ಗಾಡಿ, ಅಂದರೆ ಸಂದು. ಮಳೆಗಾಲ ಮುಗಿಯುತ್ತಲೂ ಆ ಸಂದುಗಳಲ್ಲಿ ಹಲಗೆಗಳನ್ನು ಎರಡು ಸಾಲಾಗಿ ಇಳಿಸಿ ನಡುವೆ ಮಣ್ಣು ತುಂಬಿದರೆ ನೀರು ನಿಲ್ಲುತ್ತದೆ. ಮುಂದಿನ ಮಳೆಗೆ ಮೊದಲು ಹಲಗೆಗಳನ್ನು ಕಿತ್ತರೆ ಮಹಾಪೂರಕ್ಕೆ ದಾರಿ ತೆರೆಯುತ್ತದೆ. ಮೊದಲು ಮರದ ಹಲಗೆಗಳಿದ್ದವು, ಈಗ ಹೆಚ್ಚಿನ ಕಡೆ ಕಬ್ಬಿಣದವು. ಇದೊಂದು ಇಲ್ಲದಿದ್ದರೆ ಈ ಕಣಿವೆಯಲ್ಲಿ ಇಷ್ಟು ಕಬ್ಬು ಇರುತ್ತಿರಲಿಲ್ಲ. ಚಾಲಕರ ತಂದೆಯವರು ಇಂಥ ಕೆಲಸಕ್ಕೆ ಪ್ರತಿ ವರ್ಷ ಹೋಗುತ್ತಿದ್ದರಂತೆ. ‘ಅಪ್ಪ ನೀರಾಗ ನಿಂತು ಎಣಿಸ್ತಿದ್ದ, ಕನ್ನಡದಾಗ. ಮ್ಯಾಲ ನಿಂತ ಮುಕಾದಮ ಬರಕೋತಿದ್ದ, ಮರಾಠಿಯಾಗ. ಎಂದೂ ತಪ್ಪಲಿಲ್ರೀ’ ಎಂದರು. ನೀರಿನಲ್ಲಿದ್ದವರಲ್ಲಿ ಒಬ್ಬರು ಚಾಲಕರ ಗುರುತಿನವರು; ಕೈಯೆತ್ತಿ ಕೂಗಿದರು. ಯಾವ ಭಾಷೆಯಲ್ಲಿ ಕೂಗಿದರೋ, ನೀರಿನ ಸಪ್ಪಳದಲ್ಲಿ ನಮಗೆ ತಿಳಿಯಲಿಲ್ಲ.

ಫುಟ್‌ಬಾಲಿಗೆ ಹೆಸರಾದ ಗಡಹಿಂಗ್ಲಜದಲ್ಲಿ ನಾವು ಹೆಚ್ಚು ನಿಲ್ಲಲಿಲ್ಲ. ಉಡಿಗೆ ಬೇಕಾದ ಹಸಿರು ಬಳೆಗಳನ್ನು ಅತ್ತೆಯವರು ಅಲ್ಲಿಯೇ ಕೊಳ್ಳಬೇಕೆಂದರು, ಕೊಂಡೆವು. ಊರಿನ ಆಚೆ ಸಾಮಾನಗಡದ ಗುಡ್ಡವಿದೆ. 1844ರಲ್ಲಿ ಕೊಲ್ಹಾಪುರದ ಗಡಕರಿಗಳು ತಮ್ಮ ಹಕ್ಕುಗಳು ಹೋದುವೆಂದು ಆಂಗ್ಲರ ವಿರುದ್ಧ ಎದ್ದದ್ದು ಅಲ್ಲಿಂದಲೇ. ಅದನ್ನು ಇನ್ನೊಮ್ಮೆ ನೋಡೋಣವೆಂದು ಮುಂದೆ ಸಾಗಿದೆವು. ಇಂಥ ‘ಇನ್ನೊಮ್ಮೆ’ಗಳು ನಮ್ಮ ಲೆಕ್ಕದಲ್ಲಿ ಬಹಳ ಇವೆ.

ಆಜರೆಯ ಕಡೆಗೆ ಹೋದಂತೆ ಕಣಿವೆ ಬೇರೆಯಾಗತೊಡಗುತ್ತದೆ. ಬಯಲು ಕಿರಿದಾಗುತ್ತದೆ, ಎರಡೂ ಬದಿಯ ಗುಡ್ಡಗಳು ಹತ್ತಿರ ಸರಿಯುತ್ತವೆ, ಕಬ್ಬು ಹಿಂದೆ ಬಿದ್ದು ಬತ್ತ ಮುಂದೆ ಬರುತ್ತದೆ, ಬೇಲಿಯಲ್ಲಿ ಗೇರುಮರಗಳು ಕಾಣುತ್ತವೆ. ಸಂಕೇಶ್ವರದಿಂದ ಬಾಂದಾದವರೆಗೆ ರಾಷ್ಟ್ರೀಯ ಹೆದ್ದಾರಿಯೆಂದು ಮಾಡಿದ ಈ ರಸ್ತೆ ಅಗಲವಾಗಿದೆ, ನುಣುಪಾಗಿದೆ. ಅಗಲ ಮಾಡುವಾಗ ಬದಿಯ ಮರಗಳು ಹೋದವು. ಆ ಮರಗಳ ನೆರಳಿನಲ್ಲಿ ವಡಾಪದ ಇಂಜಿನನ್ನು ತಣ್ಣಗೆ ಮಾಡುತ್ತಿದ್ದ ಜಾಗಗಳನ್ನು ಚಾಲಕರು ತೋರಿಸುತ್ತ ಹೋದರು. ನಮಗೆ ಬಿಸಿಲಿನ ಹೊರತು ಏನೂ ಕಾಣಲಿಲ್ಲ.

ಆಜರೆಯ ಗದ್ದೆಗಳ ಘನಸಾಳ ಅಕ್ಕಿಯನ್ನು ನಮ್ಮ ಓದುಗ ಭಗಿನಿಯರು ಬಲ್ಲರು. ಗಿಡ್ಡ ಕಾಳು, ಗಮಗಮಿಸುವ ಅನ್ನ. 2016ರಲ್ಲಿ ಅದಕ್ಕೆ ಸರಕಾರದ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಪೇಟೆಯಲ್ಲಿ ಆ ಹೆಸರಿನಿಂದ ಮಾರುವುದೆಲ್ಲ ಆಜರೆಯದೇ ಎಂದು ಹೇಳುವ ಧೈರ್ಯ ನಮಗಿಲ್ಲ. ಚಾಲಕರು ಒಂದು ಗದ್ದೆಯ ಪಕ್ಕದಲ್ಲಿ ಗಾಡಿ ನಿಲ್ಲಿಸಿ, ಇಂಜಿನು ಬಂದು ಮಾಡಿ, ಎಲ್ಲ ಗಾಜುಗಳನ್ನೂ ಇಳಿಸಿದರು. ಒಂದು ಕ್ಷಣ ಡೀಸೆಲಿನ ವಾಸನೆಯೇ ಇತ್ತು. ಆಮೇಲೆ ಗಾಳಿ ತಿರುಗಿತು. ಅನ್ನ ಬೇಯುವ ಮನೆಯ ಬಾಗಿಲಲ್ಲಿ ನಿಂತಂತೆ ಆಯಿತು. ಅತ್ತೆಯವರು ಕಣ್ಣುಮುಚ್ಚಿ ಕುಳಿತರು. ಹಿಂದಿನ ದಿನವಷ್ಟೇ ಸೀಗಿ ಹುಣ್ಣಿಮೆ. ಬಸುರಿ ಭೂಮಿತಾಯಿಯ ಬಯಕೆಯೆಂದು ಹೊಲಕ್ಕೆ ಚರಗ ಚೆಲ್ಲುವ ದಿನ. ನಿನ್ನೆಯ ಕಡಬು ಹೋಳಿಗೆಗಳಲ್ಲಿ ಉಳಿದುದನ್ನು ಅತ್ತೆಯವರು ಬುತ್ತಿಯಿಂದ ತೆಗೆದು, ಗುರುತಿಲ್ಲದವರ ಗದ್ದೆಗೆ ಕಿಟಕಿಯಿಂದಲೇ ಒಂದಿಷ್ಟು ಚೆಲ್ಲಿದರು. ‘ಯಾರ ಹೊಲವೋ ಏನೋ’ ಎಂದು ನಮ್ಮ ಮನೆಯವರು ಸಂಕೋಚಪಟ್ಟರೆ, ‘ಬಸುರಿಗೆ ಯಾರ ಮನೀ ಊಟ ಆದ್ರೇನ’ ಎಂದು ಅತ್ತೆಯವರು ಉತ್ತರಿಸಿದರು.

ಗವಸೆಯ ಸಕ್ಕರೆ ಕಾರ್ಖಾನೆ ದಾಟಿದ ಮೇಲೆ ಊರುಗಳು ದೂರ ದೂರವಾದವು. ಕಾಡು ರಸ್ತೆಯವರೆಗೆ ಇಳಿದು ಬಂದಿತು. ಇಲ್ಲಿ ಚಾಲಕರ ಮಾತು ಆನೆಗಳ ಕಡೆಗೆ ಹೊರಳಿತು. 2002ರ ಸುಮಾರಿಗೆ ಕರ್ನಾಟಕದ ಕಾಡುಗಳಿಂದ ಆನೆಗಳು ಸಹ್ಯಾದ್ರಿಯನ್ನು ಹಿಡಿದು ತಿಳ್ಳಾರಿಯ ಕಡೆಗೆ ಬಂದವು. ಆಮೇಲೆ ಕೆಲವು ಚಂದಗಡ, ಆಜರೆಗಳವರೆಗೂ ತಲುಪಿದವು. ಬತ್ತ, ಬಾಳೆ, ಕಬ್ಬು ಬೆಳೆದ ರೈತನಿಗೆ ಇದು ತಮಾಷೆಯ ವಿಷಯವಲ್ಲ. ಒಂದು ರಾತ್ರಿಯಲ್ಲಿ ವರ್ಷದ ಅನ್ನ ಹೋಗುತ್ತದೆ. ಆದರೂ ಚಾಲಕರಿಗೆ ನಗು ತಡೆಯಲಾಗಲಿಲ್ಲ. ಒಮ್ಮೆ ವಡಾಪದ ಮುಂದೆ ಸಲಗ ಅಡ್ಡ ನಿಂತಿತಂತೆ. ಜೀಪಿನಲ್ಲಿದ್ದವರೆಲ್ಲ ಮರಾಠಿಯಲ್ಲಿ ಗಣಪತಿಯನ್ನು ಪ್ರಾರ್ಥಿಸತೊಡಗಿದರಂತೆ. ಹಿಂದಿನಿಂದ ಒಬ್ಬ ಮುದುಕಪ್ಪ, ‘ಅದು ಕರ್ನಾಟಕದ ಆನಿ, ಕನ್ನಡದಾಗ ಹೇಳ್ರೋ’ ಎಂದನಂತೆ. ಹೇಳಿದಿರಾ ಎಂದು ನಾವು ಕೇಳಿದೆವು. ‘ಬಾಯಿ ಎಲ್ಲಿ ಬರ್ತೈತಿ ಕಾಕಾ’ ಎಂದರು.

ಅಂಬೋಲಿ ಸಮುದ್ರಮಟ್ಟದಿಂದ 690 ಮೀಟರ್ ಸುಮಾರು ಎತ್ತರದಲ್ಲಿ ಸಹ್ಯಾದ್ರಿಯ ತುದಿಯಲ್ಲಿ ಕುಳಿತ ಊರು. ಸಿಂಧುದುರ್ಗ ಜಿಲ್ಲೆಗೆ ಸೇರಿದೆ. ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ. ಗಡಹಿಂಗ್ಲಜಕ್ಕೆ ಅದರ ಆರರಲ್ಲಿ ಒಂದು ಪಾಲೂ ಬೀಳುವುದಿಲ್ಲ. ಸಂಕೇಶ್ವರಕ್ಕೆ ಇನ್ನೂ ಕಡಿಮೆ. ನಾವು ಬಂದ ದಾರಿಯುದ್ದಕ್ಕೂ ಮಗ್ಗುಲಲ್ಲಿ ಹರಿಯುತ್ತಿದ್ದ ನೀರೆಲ್ಲ ಈ ತುದಿಯ ಮಳೆಯ ಕೊಡುಗೆಯೆಂಬುದು ಆಗ ಅರಿವಿಗೆ ಬಂದಿತು. ಊರಿನ ಪಶ್ಚಿಮಕ್ಕೆ ಘಾಟ ಕಡಿದು ಬೀಳುತ್ತದೆ. ಅಲ್ಲಿ ಬಿದ್ದ ಹನಿ ಸ್ವಲ್ಪ ಹೊತ್ತಿನಲ್ಲಿ ಕೊಂಕಣಕ್ಕಿಳಿದು ಅರಬ್ಬಿ ಸಮುದ್ರದ ದಾರಿ ಹಿಡಿಯುತ್ತದೆ. ಅಷ್ಟು ಹತ್ತಿರದಲ್ಲಿ ಹುಟ್ಟಿದ ಹಿರಣ್ಯಕೇಶಿ ಮಾತ್ರ ಸಮುದ್ರಕ್ಕೆ ಬೆನ್ನು ತಿರುಗಿಸಿ ಪೂರ್ವಕ್ಕೆ ನಡೆಯುತ್ತದೆ: ಆಜರಾ, ಗಡಹಿಂಗ್ಲಜ, ಸಂಕೇಶ್ವರ, ಹುಕ್ಕೇರಿ ತಾಲೂಕಿನಲ್ಲಿ ಘಟಪ್ರಭೆ, ಗೋಕಾಕದ ಜಲಪಾತದಲ್ಲಿ ಧುಮುಕಿ, ಬಾಗಲಕೋಟೆಯ ಕಡೆ ಕೃಷ್ಣೆಯನ್ನು ಸೇರಿ, ಬಂಗಾಲ ಉಪಸಾಗರ.

ಮುಖ್ಯ ರಸ್ತೆಯನ್ನು ಬಿಟ್ಟು ಗಾಡಿ ಹೋಗುವವರೆಗೆ ಹೋಗಿ, ಮುಂದೆ ಕಾಡಿನ ಕಾಲುದಾರಿಯಲ್ಲಿ ನಡೆಯಬೇಕು. ಅತ್ತೆಯವರ ಒಂದು ಕೈ ನಮ್ಮ ಮನೆಯವರ ಹೆಗಲ ಮೇಲೆ, ಇನ್ನೊಂದು ಚಾಲಕರ ತೋಳಿನಲ್ಲಿ. ಉಡಿಯ ಸಾಮಾನಿನ ಗಂಟನ್ನು ನಾವು ಹೊತ್ತೆವು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತ ತಲುಪುವಾಗ ಒಂದು ಗಂಟೆ ದಾಟಿತ್ತು. ಗವಿ, ಗವಿಯ ಬಾಯಿಯಲ್ಲಿ ಪಾರ್ವತಿಯ ಗುಡಿ, ಒಳಗಿನ ಕತ್ತಲೆಯಿಂದ ಸದ್ದಿಲ್ಲದೆ ಹೊರಗೆ ಬರುವ ನೀರು. ಅದು ಕುಂಡದಲ್ಲಿ ಒಂದಿಷ್ಟು ನಿಂತು, ಅಂಚನ್ನು ದಾಟಿ, ಕಲ್ಲುಗಳ ಮೇಲೆ ಸಣ್ಣಗೆ ಹರಿದು ಹೋಗುತ್ತದೆ. ಇಷ್ಟೇ. ಪಡಸಾಲೆಯ ಮೆಟ್ಟಿಲವರೆಗೆ ಬಂದ ಹೊಳೆ ಇದೇ ಎಂದು ನಂಬುವುದು ಕಷ್ಟ. ಪಂಚಗಂಗೆಯ ನೀರು ಕುಡಿದು, 2012ರಲ್ಲಿ ಊರಿಗೆಲ್ಲ ಕಾಮಾಲೆ ಹಬ್ಬಿದುದನ್ನು ಕಂಡ ನಮಗೆ, ತಳದ ಹರಳುಗಳನ್ನು ಎಣಿಸಬಹುದಾದ ಆ ನೀರನ್ನು ನೋಡುತ್ತ ನಿಂತುಬಿಡುವಂತಾಯಿತು.

ಅತ್ತೆಯವರು ಗಂಟು ಬಿಚ್ಚಿದರು. ಗುಳೇದಗುಡ್ಡದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಎಲೆ ಅಡಕೆ, ಹಸಿರು ಬಳೆ. ಆದರೆ ತಾವು ಮುಂದೆ ಬರಲಿಲ್ಲ. ಅತ್ತೆಯವರ ಯಜಮಾನರು ತೀರಿಕೊಂಡು ಇಪ್ಪತ್ತು ವರ್ಷಗಳಾದವು. ಉಡಿ ತುಂಬುವ ಕೈ ತಮ್ಮದಲ್ಲವೆಂದು ಅವರ ತಿಳುವಳಿಕೆ. ‘ನೀ ತುಂಬು, ನಾ ನೋಡ್ತೀನಿ’ ಎಂದು ನಮ್ಮ ಮನೆಯವರನ್ನು ಮುಂದೆ ಮಾಡಿದರು. ಇವರು ಖಣವನ್ನು ನೀರಿಗೆ ಬಿಡಲು ಬಗ್ಗಿದಾಗ ಚಾಲಕರು, ‘ಕಾಕೂ, ತಡೀರಿ’ ಎಂದರು.

ಆ ಕುಂಡದ ನೀರಿನಲ್ಲಿ ಒಂದು ಸಣ್ಣ ಮೀನು ಇದೆ. ಬೆರಳಿಗಿಂತ ಚಿಕ್ಕದು, ಮೈಮೇಲೆ ಬಣ್ಣದ ಪಟ್ಟೆ, ಹರಳುಗಳ ನಡುವೆ ಅಡಗುವುದು ಅದರ ಸ್ವಭಾವ. 2020ರಲ್ಲಿ ವಿಜ್ಞಾನಿಗಳು ಅದನ್ನು ಹೊಸ ಜಾತಿಯೆಂದು ಗುರುತಿಸಿ, ಹೊಳೆಯ ಹೆಸರನ್ನೇ ಕೊಟ್ಟು, ‘ಶಿಸ್ಟೂರಾ ಹಿರಣ್ಯಕೇಶಿ’ ಎಂದು ಕರೆದರು. ಮರುವರ್ಷ ಮಹಾರಾಷ್ಟ್ರ ಸರಕಾರ ಆ ಗುಡಿಯ ಸುತ್ತಲಿನ 2.11 ಹೆಕ್ಟೇರ್ ಜಾಗವನ್ನು ಜೀವವೈವಿಧ್ಯದ ಪರಂಪರೆಯ ತಾಣವೆಂದು ಘೋಷಿಸಿತು. ಬಟ್ಟೆ, ಬಳೆ, ಅರಿಷಿಣ, ಎಣ್ಣೆ ಬಿದ್ದರೆ ಆ ಮೀನಿಗೆ ಒಳ್ಳೆಯದಲ್ಲ. ಈ ಸಂಗತಿಗಳನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೆವು. ಓದಿಯೂ ಗಂಟು ಹೊತ್ತು ತಂದಿದ್ದೆವು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಚಾಲಕರು ಇದನ್ನೆಲ್ಲ ಬಾಡಿಗೆಗೆ ಬಂದವರಿಂದ ಕೇಳಿ ತಿಳಿದವರು. ಆದರೆ ಅತ್ತೆಯವರಿಗೆ ಹೇಳಿದ ಬಗೆಯೇ ಬೇರೆ: ‘ಆಯಿ, ಹೊಳಿಯವ್ವನ ತವರು ಇದು ಅಂತೀರಿ. ತವರಾಗ ಸಣ್ಣ ಕೂಸುಗಳು ಇರ್ತಾವು. ಅವುಗಳ ಮೈಮ್ಯಾಲ ಒಗೀಬ್ಯಾಡ್ರಿ.’

ಅತ್ತೆಯವರು ಬಹಳ ಹೊತ್ತು ಮಾತಾಡಲಿಲ್ಲ. ಐದಾರು ವರ್ಷ ಹೊತ್ತ ಹರಕೆ. ನಮಗೆ ಏನು ಹೇಳಬೇಕೆಂದು ತೋಚಲಿಲ್ಲ. ಬರೆಯುವವರಿಗೆ ಇಂಥ ಹೊತ್ತಿನಲ್ಲಿ ಮಾತು ಸಿಗುವುದಿಲ್ಲ. ಗುಡಿಯ ಅಂಗಳವನ್ನು ಒಬ್ಬ ನಡುವಯಸ್ಸಿನ ಹೆಂಗಸು ಗುಡಿಸುತ್ತಿದ್ದರು. ಅತ್ತೆಯವರ ನೋಟ ಅವರ ಮೇಲೆ ನಿಂತಿತು. ‘ಇಕೀನೂ ಇದ ನೀರು ಕುಡದ ಬೆಳದಾಕಿ ಅಲ್ಲೇನ?’ ಎಂದು ಚಾಲಕರನ್ನು ಕೇಳಿದರು. ಚಾಲಕರು ಆ ತಾಯಿಗೆ ಮರಾಠಿಯಲ್ಲಿ ವಿಷಯ ತಿಳಿಸಿದರು. ಅವರು ಕಸಬರಿಗೆ ಬದಿಗಿಟ್ಟು, ಕೈ ತೊಳೆದು, ಸೆರಗೊಡ್ಡಿ ಬಂದರು. ನಮ್ಮ ಮನೆಯವರ ಮುಂದೆ ಬರಲಿಲ್ಲ. ನೇರವಾಗಿ ಅತ್ತೆಯವರ ಮುಂದೆ ನಿಂತರು. ಅತ್ತೆಯವರು ಹಿಂದೆ ಸರಿದು, ತಮ್ಮ ಬೋಳು ಹಣೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. ಆ ತಾಯಿ ತಲೆಯಾಡಿಸಿ ಸೆರಗನ್ನು ಇನ್ನಷ್ಟು ಮುಂದೆ ಚಾಚಿದರು. ‘ತುಂಬ್ರಿ ಆಯಿ. ಬ್ಯಾಡ ಅನ್ನೂದಿಲ್ಲ ಅಕಿ’ ಎಂದರು ಚಾಲಕರು. ಅತ್ತೆಯವರ ಕೈ ನಡುಗುತ್ತಿತ್ತು. ಅಕ್ಕಿಯ ಕಾಳು ಒಂದಿಷ್ಟು ನೆಲಕ್ಕೆ ಬಿದ್ದವು. ಬಳೆ, ಖಣ, ಕೊಬ್ಬರಿ, ಎಲ್ಲವೂ ಆ ಸೆರಗಿಗೆ ಸೇರಿದವು. ಆ ತಾಯಿ ಬಾಗಿ ಅತ್ತೆಯವರ ಕಾಲು ಮುಟ್ಟಿ, ಏನೋ ಹೇಳಿದರು. ಕೊಂಕಣದ ಕಡೆಯ ಮಾತು, ನಮಗೆ ಪೂರ್ತಿ ತಿಳಿಯಲಿಲ್ಲ. ಅತ್ತೆಯವರು ಕನ್ನಡದಲ್ಲಿ ಹರಸಿದರು. ಅದು ಅವರಿಗೆ ತಿಳಿದಿರಲಾರದು. ಆಮೇಲೆ ಅತ್ತೆಯವರು ಕುಂಡದ ನೀರಿನಲ್ಲಿ ಕೈಯದ್ದಿ ಕಣ್ಣಿಗೊತ್ತಿಕೊಂಡರು. ಮೀನು ಕಾಣಿಸಲಿಲ್ಲ.

ಬುತ್ತಿ ಬಿಚ್ಚಿ ಉಂಡೆವು. ಘಾಟದ ಅಂಚಿನಿಂದ ಕೊಂಕಣವನ್ನು ನೋಡಿ, ಅರ್ಧದವರೆಗಾದರೂ ಇಳಿದು ಜಲಪಾತವನ್ನು ಕಂಡು ಬರಬೇಕೆಂಬುದು ನಮ್ಮ ಮನೆಯವರ ಆಸೆಯಾಗಿತ್ತು. ಆದರೆ ನಾಲ್ಕು ಗಂಟೆಯ ಹೊತ್ತಿಗೆ ಕಣಿವೆಯಿಂದ ಮಂಜು ಮೇಲೇರತೊಡಗಿತು; ಹತ್ತು ನಿಮಿಷದಲ್ಲಿ ಎದುರಿನ ಮರಗಳು ಮರೆಯಾದವು. ಚಾಲಕರು ಗಾಡಿಯನ್ನು ಬದಿಗೆ ಹಾಕಿ ನಿಂತರು. ‘ಇಲ್ಲಿಂದ ಮುಂದ ನಾ ಇಳ್ಯಾಂಗಿಲ್ಲ ಕಾಕಾ. ಆಯಿ ಅದಾರ.’ ಇಷ್ಟು ದೂರ ಬಂದು ಹಿಂದಿರುಗುವುದೇ ಎಂದು ನಮಗೆ ಅಸಮಾಧಾನವಾಯಿತು. ನಿಜ ಹೇಳಬೇಕೆಂದರೆ, ಬಾಡಿಗೆ ಕೊಡುವವರು ನಾವು ಎಂಬ ಮಾತೂ ನಾಲಗೆಯ ತುದಿಗೆ ಬಂದಿತ್ತು. ನಮ್ಮ ಮುಂದೆಯೇ ಎರಡು ಕಾರುಗಳು ದೀಪ ಹಚ್ಚಿಕೊಂಡು ಇಳಿದು ಹೋದವು. ಅವರಿಗೆ ಏನೂ ಆಗಿರಲಿಕ್ಕಿಲ್ಲ. ಚಾಲಕರು ಅವುಗಳನ್ನು ನೋಡಿದರು, ತಿರುಗಿಸಿ ಆಜರೆಯ ದಾರಿ ಹಿಡಿದರು. ಮಂಜಿನ ಆಚೆಗೆ ಬರುವವರೆಗೆ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ.

ಕತ್ತಲಾಗುವಾಗ ಗಡಹಿಂಗ್ಲಜ ಮುಟ್ಟಿದೆವು. ದಾರಿಯಲ್ಲೇ ಊರಿದೆ, ಚಹಾ ಕುಡಿದು ಹೋಗಬೇಕೆಂದು ಚಾಲಕರು ಹಟ ಹಿಡಿದರು. ಅವರ ತಾಯಿಯವರು ಕಟ್ಟೆಯ ಮೇಲೆ ಕುಳಿತಿದ್ದರು. ಅತ್ತೆಯವರೂ ಅವರೂ ಮಾತಿಗಿಳಿದ ಐದು ನಿಮಿಷದಲ್ಲಿ ಒಂದು ಬೀಗತನ ಹೊರಬಿದ್ದಿತು. ಹತ್ತು ನಿಮಿಷದಲ್ಲಿ, 2019ರ ಆ ರಾತ್ರಿ ಯಾರ ಯಾರ ಮನೆಗೆ ಎಷ್ಟೆಷ್ಟು ನೀರು ಬಂದಿತ್ತೆಂಬ ಲೆಕ್ಕವೂ ಮುಗಿಯಿತು. ರಜೆಗೆಂದು ಊರಿಗೆ ಬಂದಿದ್ದ ಚಾಲಕರ ಮಗಳು, ಎಂಟನೆಯ ಇಯತ್ತೆಯ ಹುಡುಗಿ, ತಂಬಿಗೆ ಹಿಡಿದು ಬಂದು, ‘ಪಾಣೀ ದೇಊ ಕಾ, ಆಜೀ?’ ಎಂದಳು. ಅತ್ತೆಯವರು ಕನ್ನಡದಲ್ಲಿ ಅವಳ ಹೆಸರು ಕೇಳಿದರು. ಹುಡುಗಿಗೆ ಅರ್ಥವಾಯಿತು, ಉತ್ತರ ಮರಾಠಿಯಲ್ಲಿ ಬಂದಿತು. ಅಜ್ಜಿ ಮೊಮ್ಮಗಳ ವ್ಯವಹಾರವೆಲ್ಲ ಹೀಗೆಯೇ ನಡೆಯುವುದಂತೆ: ಇವರು ಕನ್ನಡದಲ್ಲಿ ಕರೆಯುವುದು, ಅವಳು ಮರಾಠಿಯಲ್ಲಿ ಓಗೊಡುವುದು. ಯಾರಿಗೂ ಕೊರತೆಯೆನಿಸಿದಂತೆ ಕಾಣಲಿಲ್ಲ. ನಾವೂ ಹೇಳಲು ಹೋಗಲಿಲ್ಲ. ನಮ್ಮ ಮನೆಯ ಮೊಮ್ಮಕ್ಕಳು ಪುಣೆಯಿಂದ ಫೋನಿನಲ್ಲಿ ಯಾವ ಭಾಷೆಯಲ್ಲಿ ಮಾತಾಡುತ್ತಾರೆಂಬುದು ನಮಗೆ ಗೊತ್ತು.

ಹೊರಡುವಾಗ, ಚೀಲದಲ್ಲಿದ್ದ ನಮ್ಮ ಈ ಮಾಸಪತ್ರಿಕೆಯ ಒಂದು ಪ್ರತಿಯನ್ನು ಚಾಲಕರಿಗೆ ಕೊಟ್ಟೆವು. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಮುಟ್ಟಿಸಿಕೊಂಡರು, ಪುಟ ತಿರುವಿದರು, ಚಿತ್ರಗಳನ್ನು ನೋಡಿದರು. ‘ಮಾತಾಡಾಕ ಬರ್ತೈತಿ ಕಾಕಾ. ಅಕ್ಷರ ಬರೂದಿಲ್ಲ. ನಮ್ಮ ಸಾಳಿ ಮರಾಠಿ ಇತ್ತು’ ಎಂದರು. ಇಡೀ ದಿನ ಕನ್ನಡದಲ್ಲಿ ಕಥೆ ಹೇಳಿ, ಅತ್ತೆಯವರ ಹರಕೆಯ ತೊಡಕನ್ನು ಕನ್ನಡದಲ್ಲೇ ಬಿಡಿಸಿದ ಮನುಷ್ಯ. ನಾವು ಏನೋ ಸಮಾಧಾನ ಹೇಳಿದೆವು. ಸರಿಯಾದ ಮಾತು ಆಗಿರಲಿಲ್ಲ. ಅವರು ಪ್ರತಿಯನ್ನು ಮುಂದಿನ ಗಾಜಿನ ಕೆಳಗೆ, ಗಣಪತಿಯ ಮೂರ್ತಿಯ ಪಕ್ಕದಲ್ಲಿ ನೆಟ್ಟಗೆ ಇಟ್ಟರು.

ಸಂಕೇಶ್ವರ, ತವಂದಿ, ಕೊಗನೋಳಿ. ಅತ್ತೆಯವರು ನಿದ್ದೆ ಹೋದರು. ನಮ್ಮ ಮನೆಯ ಮುಂದೆ ಗಾಡಿ ನಿಂತಾಗ ಹತ್ತು ಗಂಟೆ. ಬಾಡಿಗೆಯ ಹಣವನ್ನು ಎಣಿಸಿ ಕೊಟ್ಟೆವು. ಅತ್ತೆಯವರು ತಮ್ಮ ಕಡೆಯಿಂದ ಒಂದು ನೋಟು ಸೇರಿಸಿ, ‘ತಮ್ಮಾ, ಇದು ನಿನ್ನ ಅವ್ವಗ’ ಎಂದರು. ಚಾಲಕರು ಅದನ್ನು ಬೇರೆ ಜೇಬಿನಲ್ಲಿಟ್ಟರು. ಹೋಗಲು ಹೊರಟವರು ಮತ್ತೆ ತಿರುಗಿ ಬಂದು, ಮುಂಗಾಜಿನ ಮೇಲಿನ ದೇವನಾಗರಿ ಅಕ್ಷರಗಳನ್ನು ತೋರಿಸಿ, ‘ಕಾಕಾ, ಇದನ್ನ ಕನ್ನಡದಾಗ ಬರದ ಕೊಡ್ತೀರೇನ? ಹಿಂದಿನ ಗಾಜಿಗೆ ಹಚ್ಚಸ್ತೀನಿ. ಅವ್ವಗೂ ಓದಾಕ ಬರೂದಿಲ್ಲ, ಆದ್ರ ಇರ್ಲಿ’ ಎಂದರು.

ಒಳಗಿನಿಂದ ದೊಡ್ಡ ಹಾಳೆಯನ್ನೂ ಮೊಮ್ಮಕ್ಕಳು ಬಿಟ್ಟುಹೋದ ದಪ್ಪ ಪೆನ್ನನ್ನೂ ತಂದೆವು. ಪಡಸಾಲೆಯ ದೀಪದಲ್ಲಿ, ಬಣ್ಣ ಬರೆಯುವವನು ನೋಡಿ ಇಳಿಸಿಕೊಳ್ಳಲು ಅನುಕೂಲವಾಗುವಂತೆ, ಒತ್ತು ದೀರ್ಘಗಳನ್ನು ಬಿಡಿಸಿ, ‘ಅವ್ವನ ಆಶೀರ್ವಾದ’ ಎಂದು ಬರೆದು ಕೊಟ್ಟೆವು. ಚಾಲಕರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು, ಒಮ್ಮೆ ತಿರುಗಿಸಿದರು, ಮತ್ತೊಮ್ಮೆ ತಿರುಗಿಸಿದರು.

‘ಮ್ಯಾಲಿನ ಬಾಜೂ ಯಾವದರೀ, ಕಾಕಾ?’ ಎಂದು ಕೇಳಿದರು.

ಹಾಳೆಯ ತಲೆಯ ಮೇಲೆ ನಾವು ಒಂದು ಬಾಣದ ಗುರುತು ಹಾಕಿ ಕೊಟ್ಟೆವು.